ಗಾರ್ಡ್ ಇದ್ದರೆ ಕೈ ಮೈಮರೆಯುತ್ತದೆಯೇ? ಪವರ್ ಟೂಲ್‌ಗಳ ಜೊತೆ ನನ್ನ ಅನುಭವ

ಟೇಬಲ್ ಸಾ (ಮೇಜಿನ ಸೀಳಿನಿಂದ ಬ್ಲೇಡು ಮೇಲೆ ಬಂದಿರುವ ಗರಗಸದ ಯಂತ್ರ) ಮೇಲೆ ಗಾರ್ಡ್, ಅಂದರೆ ಬ್ಲೇಡಿನ ಮುಚ್ಚಳ ಇದ್ದರೆ ಕೆಲಸಗಾರ ಮೈಮರೆಯುತ್ತಾನೆ, ಬ್ಲೇಡು ಬೆತ್ತಲೆಯಾಗಿ ಕಣ್ಣೆದುರೇ ತಿರುಗುತ್ತಿದ್ದರೆ ಭಯಕ್ಕಾದರೂ ಎಚ್ಚರವಾಗಿರುತ್ತಾನೆ ಎಂಬ ವಾದ ಮರಗೆಲಸದವರ ನಡುವೆ ಬಹಳ ಹಳೆಯದು. ಪೂರ್ತಿ ಸುಳ್ಳೂ ಅಲ್ಲ. 1975ರಲ್ಲಿ ಸ್ಯಾಮ್ ಪೆಲ್ಟ್ಸ್‌ಮನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಕಾರುಗಳ ವಿಷಯದಲ್ಲಿ ಇಂಥದ್ದೇ ಮಾತು ಹೇಳಿದರು: ಸುರಕ್ಷತೆ ಹೆಚ್ಚಾದಷ್ಟೂ ಚಾಲಕ ಆ ಧೈರ್ಯದ ಮೇಲೆ ಇನ್ನಷ್ಟು ಅಪಾಯಕಾರಿಯಾಗಿ ಓಡಿಸುತ್ತಾನೆ ಎಂದು. ಅದು ಎಷ್ಟರಮಟ್ಟಿಗೆ ಸರಿ ಎಂಬ ಜಗಳ ಅಂದಿನಿಂದಲೂ ಇದೆ.

ನನಗೆ ಕಂಡಂತೆ ಸುರಕ್ಷತಾ ಸಾಧನಗಳಲ್ಲಿ ಎರಡು ಜಾತಿ. ಕೆಲವು ಪ್ರತಿ ಕಟ್‌ನಲ್ಲೂ ಕೈಗೆ, ಕಣ್ಣಿಗೆ ಸಿಗುತ್ತವೆ: ರೈವಿಂಗ್ ನೈಫ್ (ಬ್ಲೇಡಿನ ಹಿಂದೆ ನಿಲ್ಲುವ ತಗಡು), ಪುಶ್ ಸ್ಟಿಕ್ (ಮರ ತಳ್ಳುವ ಕೋಲು), ಡ್ರಿಲ್ಲಿನ ಪಕ್ಕದ ಹಿಡಿ. ಇವು ಅಭ್ಯಾಸದ ಭಾಗವಾಗುತ್ತವೆ, ಯಾರನ್ನೂ ಮೈಮರೆಸಿದ್ದು ನಾನು ಕಂಡಿಲ್ಲ. ಇನ್ನು ಕೆಲವು ವರ್ಷಗಟ್ಟಲೆ ಒಳಗೆ ಸುಮ್ಮನೆ ಕೂತು, ತಪ್ಪು ನಡೆದ ಮೇಲೆ ಒಂದೇ ಸಲ ಎದ್ದು ಬರುತ್ತವೆ: ಚರ್ಮ ತಾಗಿದರೆ ನಿಲ್ಲುವ ಬ್ರೇಕ್, ಗ್ರೈಂಡರಿನ ಎಲೆಕ್ಟ್ರಾನಿಕ್ ಕಿಕ್‌ಬ್ಯಾಕ್ (ಬ್ಲೇಡು ಸಿಕ್ಕಿಕೊಂಡು ಯಂತ್ರವೋ ಮರವೋ ಹಿಂದಕ್ಕೆ ಒದೆಯುವುದು) ನಿಯಂತ್ರಣ, ಕರೆಂಟಿನ ಆರ್‌ಸಿಡಿ (ಕರೆಂಟು ಸೋರಿದರೆ ಲೈನ್ ಕಡಿಯುವ ಪೆಟ್ಟಿಗೆ). ಮೈಮರೆಸುವುದು ಈ ಎರಡನೆಯ ಜಾತಿ. ಅದರಲ್ಲೂ, ಒಂದು ಅಪಾಯಕ್ಕೆಂದು ಮಾಡಿದ ಸಾಧನ ಪಕ್ಕದ ಅಪಾಯವನ್ನೂ ನೋಡಿಕೊಳ್ಳುತ್ತದೆ ಎಂದುಕೊಂಡಾಗ.

ಟೇಬಲ್ ಸಾದಿಂದ ಶುರು ಮಾಡುತ್ತೇನೆ. ಎಲ್ಲರೂ ಹೆದರುವುದು ಎದುರಿಗೆ ಕಾಣುವ ಹಲ್ಲಿಗೆ. ಹೆದರಬೇಕಾದದ್ದು ಬ್ಲೇಡಿನ ಹಿಂಭಾಗಕ್ಕೆ. 10 ಇಂಚಿನ ಬ್ಲೇಡು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 53 ಮೀಟರ್, ಅಂದರೆ ಗಂಟೆಗೆ 190 ಕಿಲೋಮೀಟರ್. ಮುಂದಿನ ಹಲ್ಲುಗಳು ಮರವನ್ನು ಮೇಜಿಗೆ ಒತ್ತುತ್ತವೆ, ಹಿಂದಿನವು ಮೇಲಕ್ಕೆ ಏಳುತ್ತಿರುತ್ತವೆ. ಸೀಳಿದ ಹಲಗೆ ಒಳಗಿನ ಬಿಗಿ ಬಿಟ್ಟುಕೊಂಡು ಮುಚ್ಚಿದರೆ, ಅಥವಾ ಮರಕ್ಕೆ ಪಕ್ಕದಲ್ಲಿ ಆನಿಕೆ ಕೊಡುವ ಪಟ್ಟಿ, ಅಂದರೆ ಫೆನ್ಸ್, ಹಿಂದುಗಡೆ ಬ್ಲೇಡಿನ ಕಡೆಗೆ ವಾಲಿದ್ದರೆ, ಮರ ಆ ಹಿಂದಿನ ಹಲ್ಲುಗಳಿಗೆ ಸಿಕ್ಕಿ ಮೇಲೆದ್ದು ನಿಂತವನ ಹೊಟ್ಟೆಗೆ ಬಂದು ಬಡಿಯುತ್ತದೆ. ಅದೇ ಕ್ಷಣ ಮರದ ಮೇಲಿದ್ದ ಕೈ ಬ್ಲೇಡಿನ ಮೇಲೆ ಬೀಳಬಹುದು. ಬೆರಳಿಗೆ ಆಗುವ ಗಾಯ ಎಷ್ಟೋ ಸಲ ಈ ಕಿಕ್‌ಬ್ಯಾಕಿನ ಬಾಲ.

ಇದಕ್ಕೆ ಮದ್ದು ಬ್ಲೇಡಿನ ಬೆನ್ನಿಗೆ ನಿಲ್ಲುವ ರೈವಿಂಗ್ ನೈಫ್. ಅದು ಒಂದು ಉಕ್ಕಿನ ತಗಡು ಅಷ್ಟೇ, ಆದರೆ ದಪ್ಪದ ಲೆಕ್ಕ ತಪ್ಪಿದರೆ ಉಪಯೋಗವಿಲ್ಲ. ಬ್ಲೇಡಿನ ತಟ್ಟೆಗಿಂತ ದಪ್ಪ, ಹಲ್ಲು ಬಿಡುವ ಸೀಳಿಗಿಂತ ತೆಳು ಇರಬೇಕು. ತಟ್ಟೆ 2.2 ಮಿಮೀ, ಸೀಳು 3.2 ಮಿಮೀ ಇರುವ ಬ್ಲೇಡಿಗೆ 2.5 ಮಿಮೀ ನೈಫ್ ಸರಿ. ಯಾರೋ ಮೋಟರಿನ ಮೇಲೆ ಭಾರ ಕಡಿಮೆಯಾಗಲಿ ಎಂದು 2.4 ಮಿಮೀ ಸೀಳಿನ ತೆಳು ಬ್ಲೇಡು ತಂದು ಹಾಕುತ್ತಾರೆ. ಮರ ನೈಫಿಗೆ ಬಂದು ತಡೆದು ನಿಲ್ಲುತ್ತದೆ. ಆಗ ನೈಫನ್ನೇ ಬಿಚ್ಚಿ ಮೂಲೆಗೆ ಎಸೆಯುತ್ತಾರೆ, ಅದು ಮತ್ತೆ ಯಂತ್ರಕ್ಕೆ ಬರುವುದೇ ಇಲ್ಲ. ಇದನ್ನು ಸೋಮಾರಿತನ ಎಂದು ಬೈಯುವ ಮೊದಲು ಬ್ಲೇಡಿನ ಮೇಲೆ ಅಚ್ಚಾದ ಎರಡು ಸಂಖ್ಯೆಗಳನ್ನು ಓದಿ. ನಾನು ಬ್ಲೇಡು ಕೊಳ್ಳುವಾಗ ನೈಫಿನ ದಪ್ಪ ಬರೆದ ಚೀಟಿ ಜೊತೆಗಿಟ್ಟುಕೊಳ್ಳುತ್ತೇನೆ. ನೈಫಿನ ತುದಿ ಬ್ಲೇಡಿನ ಎತ್ತರಕ್ಕಿಂತ ಒಂದೆರಡು ಮಿಮೀ ಕೆಳಗೆ, ಹಲ್ಲಿಗೂ ಅದಕ್ಕೂ ನಡುವಿನ ಸಂದು 3ರಿಂದ 8 ಮಿಮೀ. ಸಂದು ಜಾಸ್ತಿಯಾದಷ್ಟೂ ಮರಕ್ಕೆ ಹಿಂದಿನ ಹಲ್ಲು ಸಿಗುವ ಜಾಗ ಜಾಸ್ತಿ.

ಫೆನ್ಸ್ ನೋಡುವುದು ಹೀಗೆ: ಪ್ಲಗ್ ಕಿತ್ತು, ಒಂದು ಹಲ್ಲಿಗೆ ಸೀಸದಕಡ್ಡಿಯಲ್ಲಿ ಗುರುತು ಹಾಕಿ, ಅದನ್ನು ಮುಂದೆ ತಂದು ಫೆನ್ಸಿನವರೆಗಿನ ಅಂತರ ಅಳೆಯುತ್ತೇನೆ. ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಅಳೆಯುತ್ತೇನೆ. ಬೇರೆ ಹಲ್ಲಿನಲ್ಲಿ ಅಳೆದರೆ ಬ್ಲೇಡಿನ ಓಲಾಟವೂ ಲೆಕ್ಕಕ್ಕೆ ಸೇರಿ ದಾರಿ ತಪ್ಪಿಸುತ್ತದೆ. ಎರಡೂ ಒಂದೇ ಇರಬೇಕು, ಇಲ್ಲವಾದರೆ ಹಿಂದೆ ಕೂದಲೆಳೆಯಷ್ಟು ಹೆಚ್ಚಿರಲಿ. ಹಿಂದೆ ಕಡಿಮೆ ಇದ್ದರೆ ಆ ದಿನ ಸಾ ಚಾಲೂ ಮಾಡುವುದಿಲ್ಲ. ಇನ್ನೊಂದು ಮಾತು: ಫೆನ್ಸನ್ನು ಅಳತೆಗೆ ಇಟ್ಟುಕೊಂಡು ಅಡ್ಡ ಕೊಯ್ದರೆ ತುಂಡು ಬ್ಲೇಡಿಗೂ ಫೆನ್ಸಿಗೂ ನಡುವೆ ಸಿಕ್ಕಿ ಹಾರುತ್ತದೆ. ಅಡ್ಡಕ್ಕೆ ಅಳತೆ ಬೇಕೇ ಬೇಕಾದರೆ ಬ್ಲೇಡಿಗಿಂತ ಬಹಳ ಮುಂಚೆ ಫೆನ್ಸಿಗೆ ಒಂದಿಂಚು ದಪ್ಪದ ಕಟ್ಟಿಗೆ ಬಿಗಿದು, ಅದಕ್ಕೆ ತಾಗಿಸಿ ಅಳೆದು, ಆಮೇಲೆ ಮೈಟರ್ ಗೇಜಿನಿಂದ (ಮರವನ್ನು ಅಡ್ಡಕ್ಕೆ ಆನಿಸಿ ಮುಂದೆ ಜಾರಿಸುವ ಸಾಧನ) ತಳ್ಳುತ್ತೇನೆ.

ಈಗ ಎಲ್ಲರೂ ಕೇಳುವ ಚರ್ಮ ಗುರುತಿಸುವ ಬ್ರೇಕ್. ಸಾಸ್ಟಾಪ್ ಕಂಪನಿ ತನ್ನ ಮೊದಲ ಸಾಗಳನ್ನು ಮಾರಿದ್ದು 2004ರಲ್ಲಿ. ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ. ಮೈ ತಾಗಿದೊಡನೆ ಅದು ಬದಲಾಗುತ್ತದೆ, ಸ್ಪ್ರಿಂಗು ಅಲ್ಯೂಮಿನಿಯಂ ಗಟ್ಟಿಯೊಂದನ್ನು ಹಲ್ಲುಗಳಿಗೆ ನುಗ್ಗಿಸುತ್ತದೆ, ಬ್ಲೇಡು ನಿಂತು ಮೇಜಿನ ಕೆಳಗಿಳಿಯುತ್ತದೆ. ಎಲ್ಲ ಸುಮಾರು 5 ಮಿಲಿಸೆಕೆಂಡಿನಲ್ಲಿ. ಆಮೇಲೆ ಆ ಗಟ್ಟಿ, ಸ್ಪ್ರಿಂಗು ಇರುವ ಕಾರ್ಟ್ರಿಜ್ ಹೊಸದು ಬೇಕು, ಬ್ಲೇಡೂ ಸಾಮಾನ್ಯವಾಗಿ ಹಾಳು. ಅದ್ಭುತವಾದ ಸಾಧನ, ಅನುಮಾನವಿಲ್ಲ. ಆದರೆ 5 ಮಿಲಿಸೆಕೆಂಡನ್ನು ಕೈಯ ವೇಗದಿಂದ ಗುಣಿಸಿ ನೋಡಿ. ಸೆಕೆಂಡಿಗೆ 30 ಸೆಂಮೀ ವೇಗದಲ್ಲಿ ಮರ ತಳ್ಳುತ್ತಿರುವ ಕೈ ಅಷ್ಟರಲ್ಲಿ ಹೋಗುವುದು ಒಂದೂವರೆ ಮಿಮೀ. ಬ್ಯಾಂಡೇಜಿನ ಗಾಯ. ಕಿಕ್‌ಬ್ಯಾಕ್‌ನಲ್ಲಿ ಎಳೆದುಕೊಂಡ ಕೈ ಸೆಕೆಂಡಿಗೆ 3 ಮೀಟರ್ ವೇಗದಲ್ಲಿದ್ದರೆ ಅದೇ ಹೊತ್ತಿನಲ್ಲಿ ಹೋಗುವುದು 15 ಮಿಮೀ. ಅದು ಬೇರೆಯದೇ ಗಾಯ. ಅಂದರೆ ಆ ಬ್ರೇಕ್ ಚೆನ್ನಾಗಿ ಕಾಪಾಡುವುದು ಉಳಿದದ್ದನ್ನೆಲ್ಲ ಸರಿಯಾಗಿ ಮಾಡಿದವನನ್ನು. ರೈವಿಂಗ್ ನೈಫ್ ಬಿಚ್ಚಿಟ್ಟು "ಬ್ರೇಕ್ ಇದೆಯಲ್ಲ" ಎನ್ನುವವನಿಗೆ ಹಾರಿಬಂದ ಹಲಗೆಯನ್ನು ಅದು ಗುರುತಿಸುವುದೂ ಇಲ್ಲ; ಮರಕ್ಕೆ ಚರ್ಮವಿಲ್ಲ.

ಇಂಥ ಸಾ ಬಳಸುವಾಗ ಹೆಚ್ಚು ತೊಂದರೆ ಕೊಡುವುದು ಬೈಪಾಸ್, ಅಂದರೆ ಬ್ರೇಕನ್ನು ಬೇಕೆಂದೇ ಆಫ್ ಮಾಡುವುದು. ತೀರಾ ಹಸಿಮರ, ಅಲ್ಯೂಮಿನಿಯಂ ಪಟ್ಟಿ, ಹಿಂದೆ ಲೋಹದ ಹಾಳೆ ಅಂಟಿಸಿದ ಶೀಟು, ಇವಕ್ಕೆಲ್ಲ ಕೈ ತಾಗದೆಯೂ ಬ್ರೇಕ್ ಎದ್ದೇಳಬಹುದು. ಅದಕ್ಕಾಗಿ ಬೈಪಾಸ್ ಹಾಕುತ್ತಾರೆ. ಸಾ ಅದೇ, ಮೇಜು ಅದೇ, ಸದ್ದೂ ಅದೇ; ಬ್ರೇಕ್ ಮಾತ್ರ ಇಲ್ಲ. ಕೈಗೆ ಆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಆದ್ದರಿಂದ ಬೈಪಾಸ್ ಕಟ್ ಮಾಡುವಾಗ ಫೆನ್ಸ್ ಮೇಲೆ ಒಂದು ಕೆಂಪು ಕ್ಲಿಪ್ ಸಿಕ್ಕಿಸುತ್ತೇನೆ, ಕೆಲಸ ಮುಗಿದು ಪ್ಲಗ್ ತೆಗೆದ ಮೇಲೇ ಅದನ್ನು ಕೀಳುತ್ತೇನೆ. ಚರ್ಮ ತಾಗದಂತೆ ದಪ್ಪ ಕೈಗವಸು ಹಾಕಿಕೊಂಡರೂ ಬ್ರೇಕ್ ಎದ್ದೇಳುವುದು ಹಲ್ಲು ಗವಸನ್ನು ದಾಟಿದ ಮೇಲೇ. ತಿರುಗುವ ಬ್ಲೇಡಿನ ಹತ್ತಿರ ಗವಸು ಬೇಡ ಎನ್ನಲು ಇದು ಇನ್ನೊಂದು ಕಾರಣ. ಮೊದಲನೆಯದು, ಗವಸಿನ ನೂಲು ಹಲ್ಲಿಗೆ ಸಿಕ್ಕರೆ ಕೈಯೂ ಜೊತೆಗೆ ಹೋಗುತ್ತದೆ.

ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾದಲ್ಲಿ ಕಥೆ ತಿರುವುಮುರುವು. ಅದರ ಕೆಳಗಿನ ಗಾರ್ಡ್ ಸ್ಪ್ರಿಂಗಿನಿಂದ ತಾನೇ ಮುಚ್ಚಿಕೊಳ್ಳಬೇಕು. ಅದು ಮುಚ್ಚುತ್ತದೆ ಎಂಬ ನಂಬಿಕೆಯಿಂದಲೇ ಜನ ಕಟ್ ಮುಗಿದೊಡನೆ ಸಾ ಯಂತ್ರವನ್ನು ತೊಡೆಯ ಪಕ್ಕಕ್ಕೆ ಇಳಿಸುತ್ತಾರೆ. ರಾಳ, ಪ್ಲೈವುಡ್ಡಿನ ಅಂಟಿನ ಧೂಳು ಗಾರ್ಡಿನ ಕೀಲಿಗೆ ಮೆತ್ತಿದರೆ ಅದು ಅರ್ಧಕ್ಕೆ ನಿಲ್ಲುತ್ತದೆ. ದಿನದ ಮೊದಲ ಕಟ್‌ಗೆ ಮುಂಚೆ ಪ್ಲಗ್ ಅಥವಾ ಬ್ಯಾಟರಿ ತೆಗೆದು, ಅದರ ಸನ್ನೆ (ಲಿವರ್) ಹಿಡಿದು ಗಾರ್ಡನ್ನು ಪೂರ್ತಿ ಹಿಂದಕ್ಕೆ ಎಳೆದು ಬಿಡುತ್ತೇನೆ. ಟಪ್ ಎಂದು ಬಡಿದು ಮುಚ್ಚಬೇಕು, ನಿಧಾನವಾಗಿ ಜಾರಿ ಬಂದರೆ ಸಾಲದು. ಸಾ ನೇರ ಇದ್ದಾಗ ಒಮ್ಮೆ, 45 ಡಿಗ್ರಿ ವಾಲಿಸಿ ಒಮ್ಮೆ, ಯಾಕೆಂದರೆ ವಾಲಿಸಿದಾಗ ಗಾರ್ಡ್ ಬೇಸ್ ಪ್ಲೇಟಿಗೆ ಉಜ್ಜುವ ಸಾಗಳಿವೆ. ಓರೆ ಕಟ್‌ನ ಶುರುವಿನಲ್ಲಿ ಗಾರ್ಡಿನ ತುದಿ ಹಲಗೆಯ ಅಂಚಿಗೆ ತಗುಲಿ ಸಾ ಮುಂದೆ ಹೋಗುವುದಿಲ್ಲ. ಅಲ್ಲಿ ಕಟ್ಟಿಗೆಯ ಚಕ್ಕೆ ತುರುಕಿ ಗಾರ್ಡನ್ನು ಶಾಶ್ವತವಾಗಿ ತೆರೆದಿಡುವ ಅಭ್ಯಾಸ ಹುಟ್ಟುತ್ತದೆ. ಚಕ್ಕೆ ಬೇಡ: ಎಡಗೈಯಿಂದ ಸನ್ನೆ ಎತ್ತಿ, ಬ್ಲೇಡು ಮರದೊಳಗೆ ಇಳಿದ ಮೇಲೆ ಸನ್ನೆ ಬಿಟ್ಟು ಎರಡೂ ಕೈ ಹಿಡಿಗೆ ತರುವುದು. ಬ್ಲೇಡಿನ ಆಳ ಹಲಗೆಗಿಂತ 3ರಿಂದ 5 ಮಿಮೀ ಹೆಚ್ಚಿದ್ದರೆ ಸಾಕು. ಪೂರ್ತಿ ಇಳಿಬಿಟ್ಟರೆ ಹಲಗೆಯ ಕೆಳಗೆ ಯಾರೂ ನೋಡದ ಕಡೆ ಅಂಗೈಯಷ್ಟು ಬ್ಲೇಡು ತಿರುಗುತ್ತಿರುತ್ತದೆ.

ಆ್ಯಂಗಲ್ ಗ್ರೈಂಡರಿನಲ್ಲಿ ಮೈಮರೆವು ಎನ್ನುವುದಕ್ಕಿಂತ ಗಾರ್ಡ್ ಬಿಚ್ಚುವ ಚಟ ದೊಡ್ಡದು. ಮೂಲೆಗೆ ಕೈ ಹೋಗುವುದಿಲ್ಲ, ಕಿಡಿ ಕಾಣುವುದಿಲ್ಲ, ದೊಡ್ಡ ಡಿಸ್ಕ್ ಕೂರುವುದಿಲ್ಲ ಎಂದು ಬಿಚ್ಚುತ್ತಾರೆ. ಮೂರನೆಯದು ಕೊಲ್ಲುವ ಕಾರಣ. ಸಾಮಾನ್ಯ ಕಟಿಂಗ್ ಡಿಸ್ಕಿನ ಮೇಲೆ ಸೆಕೆಂಡಿಗೆ 80 ಮೀಟರ್ ಎಂಬ ಮಿತಿ ಅಚ್ಚಾಗಿರುತ್ತದೆ. ನಿಮಿಷಕ್ಕೆ 11,000 ಸುತ್ತಿನ ಯಂತ್ರದಲ್ಲಿ 125 ಮಿಮೀ ಡಿಸ್ಕಿನ ಅಂಚು 72 ಮೀಟರಿನಲ್ಲಿ ಓಡುತ್ತದೆ, ಮಿತಿಯೊಳಗೆ. ಅದೇ ಯಂತ್ರಕ್ಕೆ ಗಾರ್ಡ್ ತೆಗೆದು 180 ಮಿಮೀ ಡಿಸ್ಕ್ ಹಾಕಿದರೆ 104 ಮೀಟರ್. ಡಿಸ್ಕ್ ಸಿಡಿಯುವ ಸಾಧ್ಯತೆಯನ್ನು ಹೆಚ್ಚಿಸಿ, ಸಿಡಿದ ಚೂರನ್ನು ತಡೆಯುವ ಗೋಡೆಯನ್ನು ಅದೇ ಗಳಿಗೆಯಲ್ಲಿ ತೆಗೆದ ಹಾಗಾಯಿತು. ನಡುವಿನ ಲೋಹದ ಉಂಗುರದ ಮೇಲೆ ಡಿಸ್ಕಿನ ಅವಧಿ ಮುಗಿಯುವ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಒಳಗಿನ ರಾಳ ತೇವಕ್ಕೆ ಸಡಿಲವಾಗುತ್ತದೆ, ಆದ್ದರಿಂದ ಆ ತಾರೀಖು ಅಲಂಕಾರಕ್ಕಲ್ಲ. ಹೊಸ ಡಿಸ್ಕ್ ಹಾಕಿದಾಗಲೆಲ್ಲ ಗಾರ್ಡಿನ ಮುಚ್ಚಿದ ಬದಿ ನನ್ನ ಕಡೆಗೆ ತಿರುಗಿಸಿ, ಯಾರೂ ಇಲ್ಲದ ದಿಕ್ಕಿಗೆ ಹಿಡಿದು ಒಂದು ನಿಮಿಷ ಬರಿದೆ ಓಡಿಸುತ್ತೇನೆ. 1 ಮಿಮೀ ಕಟಿಂಗ್ ಡಿಸ್ಕಿನ ಬದಿಯಿಂದ ಉಜ್ಜುವುದಿಲ್ಲ. ಕತ್ತರಿಸುವ ಕಬ್ಬಿಣವನ್ನು ಎರಡೂ ತುದಿಗೆ ಆನಿಸಿ ನಡುವೆ ಕೊಯ್ದರೆ ಸೀಳು ಮುಚ್ಚಿ ಡಿಸ್ಕನ್ನು ಕಚ್ಚುತ್ತದೆ. ಕೊಯ್ಯುವ ಜಾಗ ಆಧಾರದಿಂದ ಹೊರಗಿರಲಿ, ತುಂಡು ಕೆಳಗೆ ಬಾಗಿ ಸೀಳು ತೆರೆದುಕೊಳ್ಳಲಿ.

ಎಲೆಕ್ಟ್ರಾನಿಕ್ ಕಿಕ್‌ಬ್ಯಾಕ್ ನಿಯಂತ್ರಣ ಇರುವ ಗ್ರೈಂಡರುಗಳು ಡಿಸ್ಕ್ ಕಚ್ಚಿದಾಗ ಮೋಟರ್ ನಿಲ್ಲಿಸುತ್ತವೆ. ನನ್ನ ಬಳಿ ಅದನ್ನು ಪರೀಕ್ಷಿಸುವ ಸುರಕ್ಷಿತ ದಾರಿ ಇಲ್ಲ, ಹಾಗಾಗಿ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಪಕ್ಕದ ಹಿಡಿ ಇಲ್ಲದೆ ಕಟ್ ಶುರು ಮಾಡುವುದಿಲ್ಲ. ಕರೆಂಟು ಹೋಗಿ ಬಂದಾಗ ತಾನೇ ಚಾಲೂ ಆಗದಂತೆ ತಡೆಯುವ ವ್ಯವಸ್ಥೆಯನ್ನು ಪರೀಕ್ಷಿಸಬಹುದು. ಡಿಸ್ಕ್ ಬಿಚ್ಚಿ, ಪ್ಲಗ್ ತೆಗೆದು, ಸ್ವಿಚ್ಚನ್ನು ಆನ್‌ಗೆ ಲಾಕ್ ಮಾಡಿ, ಯಂತ್ರವನ್ನು ಗಟ್ಟಿಯಾಗಿ ಹಿಡಿದು ಪ್ಲಗ್ ಹಾಕುತ್ತೇನೆ. ತಿರುಗಿದರೆ ಆ ವ್ಯವಸ್ಥೆ ಇಲ್ಲ ಅಥವಾ ಕೆಟ್ಟಿದೆ.

ಚೈನ್ ಸಾದ ಬ್ರೇಕಿಗೂ ಇಂಥ ಪರೀಕ್ಷೆಗಳಿವೆ, ಅದಕ್ಕೇ ಅದರ ಮೇಲೆ ನನಗೆ ಹೆಚ್ಚು ನಂಬಿಕೆ. ಚಾಲೂ ಮಾಡಿ ನೆಲದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದು, ಪೂರ್ತಿ ಥ್ರಾಟಲ್ ಕೊಟ್ಟು, ಎಡ ಮಣಿಕಟ್ಟಿನಿಂದ ಮುಂದಿನ ಗಾರ್ಡ್ ತಳ್ಳಿದರೆ ಚೈನು ಆ ಕ್ಷಣವೇ ನಿಲ್ಲಬೇಕು. ಎಂಜಿನ್ ಆಫ್ ಮಾಡಿ, ಬಾರಿನ (ಚೈನು ಸುತ್ತುವ ಉದ್ದ ಪಟ್ಟಿ) ಮೂತಿಯನ್ನು ಮರದ ಕೊರಡಿನಿಂದ ಅರ್ಧ ಮೀಟರ್ ಮೇಲೆ ಹಿಡಿದು, ಮುಂದಿನ ಹಿಡಿ ಬಿಟ್ಟು, ಹಿಂದಿನದನ್ನು ಹಿಡಿದೇ ಮೂತಿ ಕೊರಡಿನ ಮೇಲೆ ಬೀಳಲು ಬಿಟ್ಟರೆ ಮೂತಿ ತಾಗಿದ ಹೊಡೆತಕ್ಕೇ ಬ್ರೇಕ್ ಬೀಳಬೇಕು. ಎರಡನೆಯದು ಫೇಲಾದರೆ ಗಾರ್ಡಿನ ಕೀಲಿಗೆ ಪುಡಿ ತುಂಬಿರಬಹುದು, ಮೊದಲನೆಯದು ಫೇಲಾದರೆ ಬ್ರೇಕ್ ಬ್ಯಾಂಡ್ ಸವೆದಿರಬಹುದು. ಬ್ರೇಕ್ ಎಷ್ಟೇ ಚೆನ್ನಾಗಿರಲಿ, ಮೂತಿಯ ಮೇಲಿನ ಕಾಲು ಭಾಗ ಮರಕ್ಕೆ ತಾಗಿದರೆ ಸಾ ಮುಖದ ಕಡೆಗೆ ಎದ್ದೇ ಏಳುತ್ತದೆ. ಬ್ರೇಕ್ ನಿಲ್ಲಿಸುವುದು ಚೈನನ್ನು, ಏಳುವ ಬಾರನ್ನಲ್ಲ. ಹೆಬ್ಬೆರಳು ಮುಂದಿನ ಹಿಡಿಯ ಸುತ್ತ ಬಂದು ಬಿಗಿಯಾಗಿರಬೇಕೆನ್ನುವುದು ಇದಕ್ಕೇ.

ಮೊಳೆ ಹೊಡೆಯುವ ಗನ್ನಿನ ಬಗ್ಗೆ ಚಿಕ್ಕದಾಗಿ: ಟ್ರಿಗರ್ ಒತ್ತಿಹಿಡಿದು ಮೂತಿ ತಾಗಿಸಿದಾಗಲೆಲ್ಲ ಮೊಳೆ ಹೊರಡುವ ಬಗೆ ವೇಗದ್ದು, ಆದರೆ ಗನ್ ಹಿಮ್ಮೆಟ್ಟಿ ಮತ್ತೆ ತಾಗಿದರೆ ಎರಡನೇ ಮೊಳೆಯೂ ಹೊರಡುತ್ತದೆ. ಮೊದಲು ಮೂತಿ, ಆಮೇಲೆ ಟ್ರಿಗರ್ ಎಂಬ ಕ್ರಮದ ಟ್ರಿಗರನ್ನೇ ಹಾಕಿಸಿಕೊಳ್ಳುತ್ತೇನೆ.

ಇನ್ನು ಆರ್‌ಸಿಡಿ. 30 ಮಿಲಿಆ್ಯಂಪ್ ಸೋರಿಕೆಗೆ ಬೀಳುವ ಈ ಪೆಟ್ಟಿಗೆ ಇದೆ ಎಂದು ಸುಲಿದ ಕೇಬಲ್ಲಿಗೆ ಟೇಪು ಸುತ್ತಿ ಕೆಲಸ ಮುಂದುವರಿಸುವವರಿದ್ದಾರೆ. ಅದು ಗುರುತಿಸುವುದು ಕರೆಂಟು ಭೂಮಿಗೆ ಸೋರಿದ್ದನ್ನು. ಒಂದು ಕೈ ಫೇಸಿಗೆ, ಇನ್ನೊಂದು ನ್ಯೂಟ್ರಲ್ಲಿಗೆ ತಾಗಿ ಮೈ ನೆಲದಿಂದ ಬೇರೆಯಾಗಿದ್ದರೆ ಹೋದಷ್ಟೇ ಕರೆಂಟು ವಾಪಸ್ ಬರುತ್ತದೆ, ಪೆಟ್ಟಿಗೆಗೆ ಮನುಷ್ಯನೂ ಬಲ್ಬೂ ಒಂದೇ. ಸುಲಿದ ಕೇಬಲ್ಲಿನಲ್ಲಿ ಅವೆರಡು ತಂತಿಗಳೇ ಅಕ್ಕಪಕ್ಕ ಇರುವುದು. ಹೊರಗಡೆ ಎಳೆದು ಬಳಸುವ ಆರ್‌ಸಿಡಿಯ ಟೆಸ್ಟ್ ಬಟನ್ ಪ್ರತಿ ಸಲ, ಗೋಡೆಯದನ್ನು ತಿಂಗಳಿಗೊಮ್ಮೆ ಒತ್ತುತ್ತೇನೆ. ಸುಲಿದ ಕೇಬಲ್ಲನ್ನು ಸುಲಿದ ಜಾಗದಲ್ಲೇ ಕತ್ತರಿಸಿ, ಉಳಿದ ಉದ್ದಕ್ಕೆ ಹೊಸ ಪ್ಲಗ್ ಹಾಕುತ್ತೇನೆ. ಎರಡು ಅಡಿ ಕಡಿಮೆಯಾಗುತ್ತದೆ, ಅಷ್ಟೇ.