ಕಾಫಿ ಮೂಟೆಗಳ ನಡುವೆ ಒಂದು ರಾಕ್ ರೇಡಿಯೋ

ಆಲ್ದೂರು ಕಡೆಯ ನಮ್ಮ ಮನೆಯಲ್ಲಿ ರೇಡಿಯೋ ಅಂದರೆ ಹಾಸನ ಆಕಾಶವಾಣಿ, 102.2. ಬೆಂಗಳೂರಿನ ಹಾಸ್ಟೆಲಿನಲ್ಲಿ ರಾಕ್ ಹುಚ್ಚು ಹತ್ತಿಸಿಕೊಂಡು 2014ರಲ್ಲಿ ತೋಟಕ್ಕೆ ವಾಪಸ್ ಬಂದೆ. ಚಿಕ್ಕಮಗಳೂರಿನ ಇಬ್ಬರು ಗೆಳೆಯರಿಗೂ ಅದೇ ಹುಚ್ಚು. ನಾವೇ ಒಂದು ಸ್ಟೇಷನ್ ಮಾಡೋಣ ಅಂತ ಹೊರಟೆವು.

ಲೈಸೆನ್ಸ್ ಇಲ್ಲದೆ ಎಫ್‌ಎಂ ಟ್ರಾನ್ಸ್‌ಮಿಟರ್ ಹಾಕುವುದು ಅಪರಾಧ. ಬಿಹಾರದ ವೈಶಾಲಿ ಜಿಲ್ಲೆಯಲ್ಲಿ ರಿಪೇರಿ ಅಂಗಡಿಯ ಹುಡುಗನೊಬ್ಬ ನಡೆಸುತ್ತಿದ್ದ ಸ್ಟೇಷನ್ನನ್ನು 2006ರಲ್ಲಿ ಮುಚ್ಚಿಸಿದ್ದರು. ಅದೇ ವರ್ಷ ಸಮುದಾಯ ಬಾನುಲಿಯ ಬಾಗಿಲು ಸಂಘ ಸಂಸ್ಥೆಗಳಿಗೂ ತೆರೆಯಿತು, ಆದರೆ ನಮ್ಮಂಥ ಮೂರು ಜನರಿಗಲ್ಲ. ಅಲ್ಲದೆ ಎಫ್‌ಎಂ ಅಲೆಗೆ ಗುಡ್ಡ ಅಡ್ಡ ಬಂದರೆ ಆಚೆ ಬದಿಗೆ ಸರಿಯಾಗಿ ಕೇಳುವುದಿಲ್ಲ. ನಮ್ಮ ಕಡೆ ಗುಡ್ಡ ಬಿಟ್ಟರೆ ಇನ್ನೇನಿದೆ? ಹಾಗಾಗಿ ಇಂಟರ್ನೆಟ್ ರೇಡಿಯೋ.

ಹಾಡನ್ನು ಇಂಟರ್ನೆಟ್ಟಿನಲ್ಲಿ ಕೇಳುಗರಿಗೆ ಹಂಚುವ ಐಸ್‌ಕಾಸ್ಟ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಮೊದಲು ಅದನ್ನು ಮನೆಯ ಕಂಪ್ಯೂಟರಿನಲ್ಲೇ ಹಾಕಿದೆ. ಅದು ದಡ್ಡತನ. ಮನೆಯ ಅಪ್‌ಲೋಡ್, ಅಂದರೆ ಹೊರಗೆ ಕಳಿಸುವ ವೇಗ, 512 ಕೆಬಿಪಿಎಸ್; ಒಬ್ಬ ಕೇಳುಗನಿಗೆ 64 ಬೇಕು. ಎಂಟು ಜನರಿಗೇ ಪೈಪು ತುಂಬಿತು. ಒಂಬತ್ತನೆಯವನು ಬಂದರೆ ಎಲ್ಲರಿಗೂ ಹಾಡು ತೊದಲುತ್ತಿತ್ತು. ಆಮೇಲೆ ಬುದ್ಧಿ ಬಂದು ಬಾಡಿಗೆಗೆ ಒಂದು ಸರ್ವರ್ ತೆಗೆದುಕೊಂಡೆವು. ಮನೆಯಿಂದ ಒಂದೇ ಧಾರೆ ಅಲ್ಲಿಗೆ, ಅಲ್ಲಿಂದ ಎಲ್ಲರಿಗೂ ಹಂಚಿಕೆ. ಕರೆಂಟ್ ಹೋದರೆ ಸರ್ವರಿನಲ್ಲಿ ಇಟ್ಟ ರೆಕಾರ್ಡಿಂಗ್ ತಾನೇ ಶುರುವಾಗುವಂತೆ ಮಾಡಿದೆವು. ಜುಲೈನಲ್ಲಿ ನಾಲ್ಕು ದಿನ ಅದೇ ಒಂದು ಗಂಟೆಯ ರೆಕಾರ್ಡಿಂಗ್ ಸುತ್ತುತ್ತಿತ್ತು. ಯಾರೂ ದೂರಲಿಲ್ಲ. ಯಾರೂ ಕೇಳುತ್ತಿರಲಿಲ್ಲ ಅನ್ನಿಸುತ್ತೆ.

ನಿಜವಾದ ಪೆಟ್ಟು ಬಿದ್ದದ್ದು ಹಕ್ಕಿನ ವಿಷಯದಲ್ಲಿ. ಮೊದಲ ತಿಂಗಳು ನಮ್ಮ ಸಿಡಿಗಳನ್ನೇ ಹಾಕಿದ್ದೆವು, ಎಲ್ಲ ವಿದೇಶಿ ಬ್ಯಾಂಡು. ಒಂದು ಹಾಡಿಗೆ ಎರಡು ಹಕ್ಕು ಇರುತ್ತವೆ ಅಂತ ವಕೀಲ ಗೆಳೆಯನೊಬ್ಬ ಹೇಳಿದಾಗಲೇ ಗೊತ್ತಾಗಿದ್ದು. ಸಾಹಿತ್ಯ, ರಾಗದ್ದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಕಡೆ ದುಡ್ಡು ಕಟ್ಟಬೇಕು. ನಮ್ಮ ಹತ್ತಿರ ಎಲ್ಲಿತ್ತು? ಅವತ್ತು ರಾತ್ರಿಯೇ ಎಲ್ಲ ತೆಗೆದೆವು. ಉಳಿದದ್ದು ಗೆಳೆಯನ ಕಾಲೇಜು ಬ್ಯಾಂಡಿನ ಮೂರು ಹಾಡು.

ಆ ಮೂರು ಹಾಡಿನಿಂದಲೇ ಸ್ಟೇಷನ್ ಶುರುವಾಯಿತು ಅಂತ ನಾನು ಲೆಕ್ಕ ಹಾಕುವುದು. ಹಾಸನ, ಮೈಸೂರು, ಬೆಂಗಳೂರಿನ ಹುಡುಗರಿಗೆ ಬರೆದೆವು: ನಿಮ್ಮದೇ ರಚನೆ ಇದ್ದರೆ ಕಳಿಸಿ, ಜೊತೆಗೆ ಎಲ್ಲರ ಸಹಿ ಇರುವ ಒಪ್ಪಿಗೆ ಪತ್ರ. ಡ್ರಮ್ಮರ್ ಬ್ಯಾಂಡ್ ಬಿಟ್ಟು ಹೋಗಿದ್ದರೂ ಅವನ ಸಹಿ ಬೇಕು. ಈ ಒಂದು ವಿಷಯಕ್ಕೆ ಎಷ್ಟು ಜಗಳ! ಆದರೂ ನಾನು ಬಿಡಲಿಲ್ಲ.

ರೆಕಾರ್ಡಿಂಗ್ ಮಾಡಲು ಜಾಗ ಇಲ್ಲದವರು ನಮ್ಮಲ್ಲಿಗೇ ಬಂದರು. ದೊಡ್ಡಪ್ಪನ ಗೋಡೌನಿನಲ್ಲಿ ಫೆಬ್ರವರಿ ಹೊತ್ತಿಗೆ ಕಾಫಿ ಮೂಟೆ ಎದೆಮಟ್ಟ ಪೇರಿಸಿರುತ್ತಿತ್ತು. ಗೋಣಿ, ಒಳಗೆ ಬೀಜ: ಸದ್ದನ್ನು ಹಾಗೇ ನುಂಗುತ್ತದೆ. ಆಂಪ್ಲಿಫೈಯರಿನ ಹಿಂದೆ ನಾಲ್ಕು ಮೂಟೆ, ಡ್ರಮ್ಮಿನ ಸುತ್ತ ಹತ್ತು. ದುಡ್ಡು ಕೊಟ್ಟರೂ ಅಂಥ ಕೋಣೆ ಸಿಗಲ್ಲ. ಏಪ್ರಿಲ್‌ನಲ್ಲಿ ಕಾಫಿ ಮಾರಿದ ಮೇಲೆ ಅದೇ ಕೋಣೆ ಬಾವಿ ಥರ ಮೊಳಗುತ್ತಿತ್ತು. ಮಳೆ ಹಿಡಿದರಂತೂ ತಗಡಿನ ಸೂರಿನ ಕೆಳಗೆ ಮೈಕ್ ತೆಗೆಯುವುದೇ ದಂಡ. ಹಾಗಾಗಿ ನಮ್ಮ ರೆಕಾರ್ಡಿಂಗ್ ಸೀಸನ್ ಅಂದರೆ ಕಾಫಿ ರೇಟಿನ ಮೇಲೆ. ರೇಟು ಇಳಿದ ವರ್ಷ ದೊಡ್ಡಪ್ಪ ಮಾರದೆ ಕಾದರು. ನಮಗೆ ಎರಡು ತಿಂಗಳು ಜಾಸ್ತಿ ಸಿಕ್ಕಿತು.

“ಮೂಟೆ ಮೇಲೆ ಹತ್ತಿ ಕೂತ್ಕೊಬೇಡ್ರೋ, ಹೊಲಿಗೆ ಬಿಚ್ತದೆ,” ಅನ್ನುವುದೊಂದೇ ಅವರ ತಕರಾರು.

2019ರ ಆಗಸ್ಟ್ ಮಳೆಯಲ್ಲಿ ಮರ ಬಿದ್ದು ಲೈನು ಹೋಯಿತು. ಅಷ್ಟರಲ್ಲಿ ಒಬ್ಬ ಗೆಳೆಯ ಪುಣೆಗೆ ಹೋಗಿದ್ದ, ಇನ್ನೊಬ್ಬನಿಗೆ ಮಗುವಾಗಿತ್ತು. ಸರ್ವರ್ ಬಾಡಿಗೆ ಕಟ್ಟಲಿಲ್ಲ, ಅಷ್ಟೆ.

ಹಾರ್ಡ್ ಡಿಸ್ಕ್ ನನ್ನ ಹತ್ತಿರವೇ ಇದೆ. ಹೋದ ವರ್ಷ ಮೈಸೂರಿನ ಬ್ಯಾಂಡಿನ ಹುಡುಗನೊಬ್ಬ ತಮ್ಮ ರೆಕಾರ್ಡಿಂಗ್ ಬೇಕು ಅಂತ ಫೋನ್ ಮಾಡಿದ್ದ, ಕಳಿಸಿದೆ. ಎರಡನೇ ಹಾಡಿನಲ್ಲಿ ದೊಡ್ಡಪ್ಪ ಕೆಮ್ಮುವುದು ಕೇಳುತ್ತದೆ. ಅದನ್ನು ತೆಗೆಯಲು ನನಗೆ ಬರಲಿಲ್ಲ.