ನೀಲಿಕಲ್ಲಿನ ರ್ಯಾಕ್ ಪಕ್ಕದಲ್ಲೇ ಬಳಚು ಜಾಸ್ತಿಯಾದದ್ದು: ನನ್ನ ಅನುಭವ

ನೀಲಿಕಲ್ಲು (ಬಂಡೆಗೆ, ಹಗ್ಗಕ್ಕೆ ಅಂಟಿ ಬೆಳೆಯುವ ಚಿಪ್ಪುಜೀವಿ) ಸಾಕಿದರೆ ಸುತ್ತಲಿನ ಬಳಚು (ಕೆಸರಿನಲ್ಲಿ ಹೂತು ಬದುಕುವ ಚಿಪ್ಪುಜೀವಿ) ಸಾಯುತ್ತದೆ ಎಂದು ಬಳಚು ಹೆಕ್ಕುವವರು ಮೊದಲ ವರ್ಷವೇ ಜಗಳಕ್ಕೆ ಬಂದಿದ್ದರು. ಅವರ ಮಾತು ಸುಳ್ಳಾಗಿರಲಿಲ್ಲ. ರ್ಯಾಕ್ (ನೀಲಿಕಲ್ಲು ಬೆಳೆಯುವ ಹಗ್ಗಗಳನ್ನು ನೀರಿಗೆ ಇಳಿಬಿಡುವ ಕಂಬಗಳ ಚೌಕಟ್ಟು) ಕೆಳಗಿನ ಕೆಸರಿಗೆ, ಒಳಗಿನದು ಕಾಣುವಂಥ ಪ್ಲಾಸ್ಟಿಕ್ ಪೈಪ್ ಚುಚ್ಚಿ ಎತ್ತಿದರೆ ಮೇಲಿನ ಕಂದು ಪದರ, ಅಂದರೆ ಗಾಳಿಯಾಡುವ ಕೆಸರು, ಉಗುರಿನಷ್ಟೂ ಇರಲಿಲ್ಲ. ಅದರಡಿ ಎಲ್ಲ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ನೀಲಿಕಲ್ಲು ಸೋಸಿ ಉಗುಳಿದ್ದು, ಹೊರಹಾಕಿದ್ದು ಎಲ್ಲ ಅಲ್ಲೇ ಕೂತಿತ್ತು. ಬಳಚು ಬಾಯಿ ಬಿಟ್ಟುಕೊಂಡು ಕೆಸರಿನ ಮೇಲೆ ಬಿದ್ದಿದ್ದವು.

ಸೆಳವಿಗೆ ಅಡ್ಡ ಇದ್ದ ರ್ಯಾಕ್‌ಗಳನ್ನು ಕಿತ್ತು ಸೆಳವಿನ ಉದ್ದಕ್ಕೆ ನೆಟ್ಟೆ. ಸಾಲಿನ ನಡುವೆ ದೋಣಿ ಆರಾಮಾಗಿ ಹೋಗುವಷ್ಟು ಜಾಗ ಬಿಟ್ಟೆ. ಮೂರು ಹಗ್ಗ ಇದ್ದಲ್ಲಿ ಎರಡೇ ಇಳಿಬಿಟ್ಟೆ. ಒಂದು ಬೆಳೆ ತೆಗೆದ ಜಾಗಕ್ಕೆ ಮುಂದಿನ ಸಲ ರಜೆ. "ಹಗ್ಗ ಕಡಿಮೆ ಮಾಡಿದ್ರೆ ದುಡ್ಡು ಎಲ್ಲಿಂದ ಹುಟ್ಟುತ್ತೆ?" ಎಂದು ಜೊತೆಯವರು ನಕ್ಕರು. ಇಳುವರಿ ಇಳಿದದ್ದು ಸುಮಾರು ಹತ್ತರಲ್ಲಿ ಒಂದು ಪಾಲು, ಅಷ್ಟೇ. ಒಂದೊಂದು ಕಲ್ಲೂ ಮಾಂಸ ತುಂಬಿಕೊಂಡಿತ್ತು.

ದುಡ್ಡು ಕರಗಿದ್ದು ಬಲೆಗೆ. ಪಕ್ಕದ ಕೆಸರಿನಲ್ಲಿ ದೊಡ್ಡ ಬಳಚುಗಳನ್ನು ಒತ್ತೊತ್ತಾಗಿ ಹಾಕಿ ಒಂದು ಪಟ್ಟಿ ಮಾಡಿ, ಏಡಿ ತಿನ್ನದಂತೆ ಮೇಲೆ ಬಲೆ ಹೊದಿಸಿದ್ದೆ. ಆ ಬಳಚು ಮಾರಲಿಕ್ಕಲ್ಲ, ಬೀಜಕ್ಕೆ. ಹತ್ತಿರ ಹತ್ತಿರ ಇದ್ದರೇ ನೀರಿಗೆ ಬಿಟ್ಟ ಮೊಟ್ಟೆಗೂ ವೀರ್ಯಕ್ಕೂ ಭೇಟಿ, ಅಲ್ವಾ. ಮೊದಲ ಬಲೆಗೆ ಪಾಚಿ ಕಟ್ಟಿತು, ಕೆಳಗೆ ಹೂಳು ತುಂಬಿತು, ಅರ್ಧಕ್ಕಿಂತ ಜಾಸ್ತಿ ಬಳಚು ಉಸಿರುಗಟ್ಟಿ ಸತ್ತವು. ಮುಂದಿನ ಬಲೆಯ ಅಂಚು ಎದ್ದು ಏಡಿಗಳು ನುಗ್ಗಿದವು. ಅದುವರೆಗಿನ ಲಾಭದಲ್ಲಿ ಮುಕ್ಕಾಲು ಪಾಲು ಹೀಗೇ ಹೋಯಿತು. ಈಗ ನನ್ನ ಬಲೆಯೊಳಗೆ ಒಂದು ಏಡಿಯೂ ಬರುವುದಿಲ್ಲ. ಅಂಚನ್ನು ಹೇಗೆ ಹೂಳುತ್ತೇನೆ ಎಂದು ಮಾತ್ರ ಕೇಳಬೇಡಿ, ಅದನ್ನು ಕಲಿಯಲು ತೆತ್ತ ಫೀಸು ದೊಡ್ಡದು.

ನಡುವೆ ಇನ್ನೊಂದು ಚಪಲ. ಒಡೆದ ಚಿಪ್ಪನ್ನು ಕೆಸರಿನ ಮೇಲೆ ತೆಳ್ಳಗೆ ಹರಡಿದೆ. ಹುಳಿ ಕೆಸರಿನಲ್ಲಿ ಮರಿಯ ಚಿಪ್ಪು ಕರಗುತ್ತದೆ, ಸತ್ತ ಚಿಪ್ಪು ಆ ಹುಳಿಯನ್ನು ತಾನು ನುಂಗುತ್ತದೆ ಎಂಬ ಲೆಕ್ಕ. ಸೆಳವು ಮೆತ್ತಗಿದ್ದ ಕಡೆ ಮರಿ ಚೆನ್ನಾಗಿ ನಿಂತಿತು. ಜೋರಿದ್ದ ಕಡೆ ಚಿಪ್ಪೇ ಕೊಚ್ಚಿಹೋಯಿತು, ಕೂಲಿ ಸುಮ್ನೆ ದಂಡ.

ಅರ್ಧ ಮೀಟರಿನ ಚೌಕಟ್ಟು ಇಟ್ಟು, ಅಗೆದು, ಜರಡಿ ಹಿಡಿದರೆ ರ್ಯಾಕ್ ಆಚೆ ಮೊದಲು 10-12 ಬಳಚು ಸಿಗುತ್ತಿದ್ದವು. ಈಗ 35ರ ಆಸುಪಾಸು. "ವರ್ಷ ಚೆನ್ನಾಗಿತ್ತು, ಅದಕ್ಕೇ" ಎನ್ನುವವರಿಗಾಗಿ ದೂರದ ಕೆಸರಿನಲ್ಲೂ ಅಗೆದು ನೋಡಿದ್ದೇನೆ, ಅಲ್ಲಿ 15 ದಾಟಿಲ್ಲ. ಬಳಚಿನ ಮರಿಗಳು ಒಂದೆರಡು ವಾರ ನೀರಿನಲ್ಲಿ ತೇಲುತ್ತವೆ, ಹಾಗಾಗಿ ಎಲ್ಲವೂ ನನ್ನ ಪಟ್ಟಿಯವೇ ಅಂತ ಹೇಳುವುದಿಲ್ಲ. ಕೆಸರು ತಿಳಿಯಾದದ್ದಕ್ಕೂ ಪಾಲಿದೆ. ಪೈಪಿನಲ್ಲಿ ಕಂದು ಪದರ ಈಗ ಎರಡು ಬೆರಳು ದಪ್ಪ.

ನೀಲಿಕಲ್ಲಿನ ಮರಿಯನ್ನು ಬಂಡೆಯಿಂದ ಕೆರೆದು ತರುವುದನ್ನೂ ನಿಲ್ಲಿಸಿದ್ದೇನೆ, ಹಗ್ಗದ ಮೇಲೇ ಹಿಡಿಯುತ್ತಿದ್ದೇನೆ. ಇದರಲ್ಲಿ ಇನ್ನೂ ಅರ್ಧಕ್ಕರ್ಧ ಲುಕ್ಸಾನು. ಹೊಸ ನೈಲಾನ್ ಹಗ್ಗಕ್ಕೆ ಮರಿ ಸರಿಯಾಗಿ ಕೂರುತ್ತಿಲ್ಲ, ಜುಂಗು ಎದ್ದ ಹಳೆಯ ಹಗ್ಗವೇ ವಾಸಿ.