ಕಾಲಿನ ಹೆಬ್ಬಟ್ಟಿಗೆ ಬಿಪಿ ಪಟ್ಟಿ ಕಟ್ಟಿದ್ದು: ನನ್ನ ಅನುಭವ

ಶುಗರ್ ಪೇಷಂಟಿನ ಕಾಲಾಗ ರಕ್ತ ಹರಿತೈತೋ ಇಲ್ಲೋ ನೋಡಾಕ ಎಬಿಐ (ಪಾದದ ಗಂಟಿನ ಹತ್ರದ ಬಿಪಿಯನ್ನ ತೋಳಿನ ಬಿಪಿಯಿಂದ ಭಾಗಿಸಿದ ಅಂಕಿ) ಒಂದ ಸಾಕು ಅಂತ ಇನ್ನೂ ನಂಬಿದವರು ಇದ್ರ ಇದನ್ನ ಪೂರ್ತಿ ಓದ್ರಿ. ಗದಗದಾಗ ನಂದೊಂದು ಸಣ್ಣ ದವಾಖಾನಿ, ಅರ್ಧ ಕೆಲಸ ಕಾಲಿನ ಹುಣ್ಣಿನ ಡ್ರೆಸಿಂಗೇ. ರೋಣ, ಮುಂಡರಗಿ, ಲಕ್ಷ್ಮೇಶ್ವರ ಕಡೆಯಿಂದ ಬರ್ತಾರ, ಎರಿ ಹೊಲದಾಗ ಬರಿಗಾಲಿಲೆ ಅಡ್ಡಾಡಿದ ಮಂದಿ, ಮುಳ್ಳು ನಟ್ಟಿದ್ದು ಗೊತ್ತ ಆಗಿರಂಗಿಲ್ಲ, ವಾಸನಿ ಬಂದ ಮ್ಯಾಲೆ ಸೊಸೆಂದಿರು ನೋಡಿ ಕರ್ಕೊಂಡ ಬರ್ತಾರ. ನಡದಾಗ ಮೀನಖಂಡ ಹಿಡಿತೈತೇನ್ರಿ ಅಂತ ಕೇಳಿದ್ರ ಇಲ್ರೀ ಅಂತಾರ. ನರ ಸತ್ತಾವ, ನೋವ ಎಲ್ಲಿಂದ ಬರಬೇಕು. ಪಾದ ಮುಟ್ಟಿದ್ರ ಬೆಚ್ಚಗೂ ಇರ್ತೈತಿ, ಅದನ್ನ ನೋಡಿ ರಕ್ತ ಚಲೋ ಐತಿ ಅಂತ ಬರದ ಕಳಿಸಿದ ಚೀಟಿ ನನ್ನ ಹತ್ರ ಒಂದು ಫೈಲ್ ತುಂಬ ಅದಾವ.

ಎಬಿಐ ಮಾಡಾಕ 8 ಮೆಗಾಹರ್ಟ್ಸ್ ಕೈ ಡಾಪ್ಲರ್ (ನಾಳದಾಗ ರಕ್ತ ಹರಿಯೂ ಸಪ್ಪಳ ಕೇಳಿಸೂ ಯಂತ್ರ) ತಗೊಂಡೆ, ಹದಿನಾರು ಸಾವಿರದ ಸನೇಕ ಬಿತ್ತು. 0.9 ಕ್ಕಿಂತ ಕಡಿಮಿ ಬಂದ್ರ ಗೊಂದಲ ಇಲ್ಲ, ಬ್ಲಾಕ್ ಐತಿ ಅಂತ ಹೇಳಬಹುದು. 1.4 ದಾಟಿದ್ರೂ ನಾವು ಮೋಸ ಹೋಗಂಗಿಲ್ಲ, ರಕ್ತನಾಳ ಗಟ್ಟಿ ಆಗೇತಿ, ಪಟ್ಟಿ ಒತ್ತಿದ್ರೂ ಮುಚ್ಚಂಗಿಲ್ಲ ಅಂತ ಎಲ್ಲಾರಿಗೂ ಅನುಮಾನ ಬರ್ತೈತಿ. ಕುತ್ತಿಗಿ ಕೊಯ್ಯೂದು ಅಂದ್ರ ಈ 1.0, 1.1 ಬರೂದು ನೋಡ್ರಿ. ಬ್ಲಾಕಿನಿಂದ ಒಳಗ ಪ್ರೆಶರ್ ಇಳದಿರ್ತೈತಿ, ಕ್ಯಾಲ್ಸಿಯಂ ಕಟ್ಟಿದ ಗೋಡಿ ಪಟ್ಟಿಯೊಳಗಿನ ಲೆಕ್ಕಾ ಏರಿಸಿರ್ತೈತಿ, ಎರಡೂ ಕೂಡಿ ಚಂದಾಗಿ ನಾರ್ಮಲ್ ಅಂತ ತೋರಸ್ತಾವ. ಕಿಡ್ನಿ ಕೆಟ್ಟವರಾಗ, ಹದಿನೈದಿಪ್ಪತ್ತು ವರ್ಷದ ಶುಗರ್ ಇದ್ದವರಾಗ ಇದು ಭಾಳ.

ಕಾಲಿನ ಬಟ್ಟಿನ ನಾಳಕ್ಕ ಕ್ಯಾಲ್ಸಿಯಂ ಕಟ್ಟೂದು ಕಡಿಮಿ, ಅದಕ್ಕ ಅಲ್ಲಿ ಪ್ರೆಶರ್ ನೋಡಬೇಕು ಅನ್ನೂದು ಹಳೇ ಮಾತು, ಹೊಸಾದೇನಲ್ಲ. ಆದ್ರ ರೆಡಿಮೇಡ್ ಮಷಿನ್ ಕೇಳಿದ್ರ ಡೀಲರ್ ಹೇಳಿದ್ದು ಒಂದೂವರಿ ಲಕ್ಷದ ಮ್ಯಾಲೆ. ಡ್ರೆಸಿಂಗಿಗೆ ನೂರೈವತ್ತು ಕೊಡಾಕ ಚೌಕಾಶಿ ಮಾಡೂ ಊರಾಗ ಆ ರೊಕ್ಕ ಯಾವ ಜನ್ಮಕ್ಕ ಬರಬೇಕು? ಹಂಗಾಗಿ ನವಜಾತ ಕೂಸಿನ ಬಿಪಿ ಪಟ್ಟಿ, ನಮ್ಮ ಮಾಮೂಲಿ ಗಡಿಯಾರದ ಬಿಪಿ ಮೀಟರ್, ಮತ್ತ ಪಲ್ಸ್ ಆಕ್ಸಿಮೀಟರ್, ಈ ಮೂರು ಜೋಡಸೂನು ಅಂತ ಕುಂತೆ. ಹೆಬ್ಬಟ್ಟಿಗೆ ಕಟ್ಟಿದ ಪಟ್ಟಿ ಉಬ್ಬಿಸಿದ್ರ ಆಕ್ಸಿಮೀಟರಿನ ನಾಡಿ ಅಲೆ ಸಪಾಟ ಆಗಬೇಕು, ಸಾವಕಾಶ ಇಳಿಸಿದಾಗ ಯಾವ ಅಂಕಿಗೆ ಅಲೆ ಮತ್ತ ಎದ್ದ ಬರತೈತೋ ಅದ ಬಟ್ಟಿನ ಸಿಸ್ಟೊಲಿಕ್, ಅಂದ್ರ ಮ್ಯಾಲಿನ ಪ್ರೆಶರ್.

ಕೇಳಾಕ ಸರಳ. ಮೊದಲ ಕೋವಿಡ್ ಟೈಮಿನ್ಯಾಗ ತಗೊಂಡ ಬಟ್ಟಿಗೆ ಚಿಮಟಿ ಹಾಕೂ ಆಕ್ಸಿಮೀಟರ್ ಹಚ್ಚಿದೆ. ಪಟ್ಟಿ ಉಬ್ಬಿಸಿದ ಕೂಡಲೇ ಅದು ಬಟ್ಟ ತಗದಾರ ಅಂತ ತಿಳಕೊಂಡು ಏಳೆಂಟು ಸೆಕೆಂಡಿನ್ಯಾಗ ತಾನ ಬಂದ್ ಆಗತಿತ್ತು! ಮತ್ತ ಚಾಲೂ ಮಾಡೂದ್ರೊಳಗ ಪಟ್ಟಿಯ ಗಾಳಿ ಇಳದ ಹೋಗಿರ್ತಿತ್ತು. ಬ್ಯಾರೆ ಬ್ಯಾರೆ ಕಂಪನೀದು ತಂದು ನೋಡಿದೆ, ಎಲ್ಲಾ ಅದ ತಳಿ, ನಾಕೈದು ಸಾವಿರ ನೀರಾಗ ಹೋತು. ಕಡೀಕ ಹುಬ್ಬಳ್ಯಾಗ ಬಂದ್ ಆದ ಒಂದು ಐಸಿಯುದಿಂದ ವೈರಿನ ಪ್ರೋಬ್ ಇರೂ ಹಳೇ ಮಾನಿಟರ್ ಸೆಕೆಂಡ್ ಹ್ಯಾಂಡಿನ್ಯಾಗ ಸಿಕ್ಕಿತು, ಆರೇಳು ಸಾವಿರಕ್ಕ.

ಮಾನಿಟರ್ ಬಂದ ಮ್ಯಾಲೆ ಹೊಸಾ ತ್ರಾಸು. ನಾಡಿ ಸಿಗಲಿಲ್ಲಂದ್ರ ಅದು ತಾನ ಗೇನ್ (ಸಿಗ್ನಲ್ ಹಿಗ್ಗಿಸೂದು) ಏರಿಸಿ ಪೇಷಂಟ್ ನಡುಗಿದ್ದನ್ನ ದೊಡ್ಡ ಅಲೆ ಮಾಡಿ ತೋರಸ್ತೈತಿ. ಅದಕ್ಕ ಆ ಮೂಲ್ಯಾಗ ಬಿದ್ದ ಚಿಮಟಿ ಆಕ್ಸಿಮೀಟರನ್ನ ಕೈ ಬಟ್ಟಿಗೆ ಹಾಕಿದೆ, ಕಾಲಿನ ಅಲೆ ಕೈಯಿನ ಬಡಿತದ ಜೋಡಿ ಕೂಡಿದ್ರ ಅಷ್ಟ ಲೆಕ್ಕಾ, ಇಲ್ಲಂದ್ರ ಬಿಡೂದು. ಸ್ಯಾಚುರೇಶನ್ ಅಂಕಿ ಕಡೆ ಕಣ್ಣ ಹಾಯಿಸಲೇಬ್ಯಾಡ್ರಿ, ಅದು ತಡಾಗಿ ಬರೂದು. ಉಗುರು ಸುಣ್ಣದಂಗ ದಪ್ಪ ಆಗಿದ್ರ ಪ್ರೋಬನ್ನ ಅಡ್ಡ ಹಚ್ಚಬೇಕಾಗತೈತಿ. ಪಟ್ಟಿ ಅಗಲ ಎರಡೂವರಿ ಸೆಂಟಿಮೀಟರ್ ಹತ್ರ ಇರಲಿ, ತೀರಾ ಸಣ್ಣದಾದ್ರ ಪ್ರೆಶರ್ ಸುಳ್ಳಸುಳ್ಳ ಜಾಸ್ತಿ ಬರ್ತೈತಿ. ಮೋಟ ಬಟ್ಟಿನ ಮ್ಯಾಲೆ ಪಟ್ಟಿ ಜಾರಲಾರದಂಗ ಮಾಡೂ ಯುಕ್ತಿ ಒಂದೈತಿ, ಅದನ್ನ ಇಲ್ಲಿ ಬರಿಯಂಗಿಲ್ಲ, ಗದಗಕ್ಕ ಬರ್ರಿ, ಚಾ ಕುಡಕೋತ ತೋರಸ್ತೀನಿ.

ಥಂಡಿ ಇನ್ನೊಂದು ದೊಡ್ಡ ವೈರಿ. ಜನವರಿ ಮುಂಜಾನಿ ಬಸ್ಸಿನ್ಯಾಗ ಬಂದವರ ಕಾಲು ಹಂಗ ನೋಡಿದ್ರ ಚಲೋ ಕಾಲೂ ಬ್ಲಾಕ್ ಅಂತ ಬರ್ತೈತಿ. ಕಂಬಳಿ ಹೊಚ್ಚಿ ಒಂದು ಇಪ್ಪತ್ತು ನಿಮಿಷ ಮಲಗಸ್ತೀನಿ. ಬಿಸಿನೀರಿನ ಚೀಲ ಮಾತ್ರ ಇಡಬ್ಯಾಡ್ರಿ, ಮನ್ಯಾಗ ಇಟ್ಟಂಗಿ ಕಾಯಿಸಿ ಇಟಗೊಂಡು ಅಂಗಾಲ ಸುಟಗೊಂಡ ಬಂದವರನ್ನ ನೀವೂ ನೋಡೀರಿ.

ಇದನ್ನೆಲ್ಲಾ ಮಾಡೂ ಮುಂದ ನಮ್ಮ ಡಾಕ್ಟರ್ ಗೆಳ್ಯಾರು ನಕ್ಕಿದ್ದ ನಕ್ಕಿದ್ದು. ಒಬ್ಬಾವ, ಏನ್ ಸಾಹೇಬ್ರ, ನಾಳೆ ಕಿವಿಗೂ ಬಿಪಿ ನೋಡ್ತೀರೇನು ಅಂದ. ಅವನ ಕಡೆಯಿಂದಾನ ಬಂದಿದ್ರು ರೋಣದ ಕಡೆಯ ಒಬ್ಬ ಯಜಮಾನ್ರು, ಅರವತ್ತರ ಮ್ಯಾಲೆ, ಬೀಡಿ ಬಿಡವಲ್ರು, ಎರಡು ಬಟ್ಟು ಕರ್ರಗ ಆಗಿದ್ವು. ಎಬಿಐ 1.1, ಚೀಟ್ಯಾಗ ರಕ್ತ ಸಂಚಾರ ಸರಿ ಐತಿ ಅಂತ. ಬ್ಯಾರೆ ಕಡೆ ಮೊಣಕಾಲಿನ ಕೆಳಗ ತಗೀಬೇಕು ಅಂತನೂ ಹೇಳಿ ಕಳಿಸಿದ್ರಂತ. ಹೆಬ್ಬಟ್ಟಿನ ಪ್ರೆಶರ್ ಹಚ್ಚಿದೆ, 26, ಮತ್ತೊಮ್ಮೆ ಹಚ್ಚಿದ್ರ 28. 30 ಕ್ಕಿಂತ ಕೆಳಗ ಅಂದ್ರ ಹುಣ್ಣು ತಾನ ಮಾಯೂದು ಭಾಳ ಕಷ್ಟ, ಲಗೂನ ನಾಳದ ಚಿತ್ರ ತಗಿಸಿ ರಕ್ತ ಹಾಯಿಸೂ ದಾರಿ ನೋಡಬೇಕು, ಅಂತಾರಾಷ್ಟ್ರೀಯ ಗೈಡ್‌ಲೈನಿನ್ಯಾಗೂ ಅದ ಐತಿ. ಹುಬ್ಬಳ್ಳಿಗೆ ಡ್ಯುಪ್ಲೆಕ್ಸಿಗೆ (ರಕ್ತನಾಳದ ಸ್ಕ್ಯಾನಿಗೆ) ಕಳಿಸಿದೆ, ಆಮ್ಯಾಲೆ ಆಂಜಿಯೋಗ್ರಾಮ್. ತೊಡಿ ನಾಳ ಚಲೋನ ಇತ್ತು, ಮೊಣಕಾಲಿನ ಕೆಳಗಿನ ಮೂರರಾಗ ಎರಡು ಬಂದ್. ಶುಗರಿನ್ಯಾಗ ಹಿಂಗ ಆಗೂದು ಮಾಮೂಲಿ. ಬಲೂನ್ ಹಾಕಿ ಒಂದನ್ನ ಬಿಡಿಸಿದ್ರು, ಆಯುಷ್ಮಾನ್ ಕಾರ್ಡ್ ಇದ್ದದ್ದಕ್ಕ ಹೊಲ ಮಾರೂದು ತಪ್ಪಿತು. ತಿರುಗಿ ಬಂದಾಗ ಬಟ್ಟಿನ ಪ್ರೆಶರ್ ಐವತ್ತರ ಹತ್ರ, ಕರ್ರಗಾದ ಎರಡು ಬಟ್ಟು ಅಷ್ಟ ತಗದೆ, ಗಾಯ ಮೂರ್ನಾಕು ತಿಂಗಳಿಗೆ ಕೂಡಿತು. ಕಿವಿ ಬಿಪಿ ಅಂದವ ಈಗ ವಾರಕ್ಕೊಬ್ಬರನ್ನರ ಕಳಸ್ತಾನ, ಫೋನ್ ಮಾಡಿ ಕೇಳೂದೂ ಬಟ್ಟ ಎಷ್ಟ ಬಂತ್ರಿ ಅಂತ.

ನನ್ನ ಲೆಕ್ಕಾ ಹಿಂಗೈತಿ. ಬಟ್ಟಿನ ಪ್ರೆಶರ್ 60 ರ ಮ್ಯಾಲಿದ್ರ ಡ್ರೆಸಿಂಗ್ ಮಾಡಕೋತ ಆರಾಮ ಇರ್ತೀನಿ. 30 ಮತ್ತ 60 ರ ನಡುವ ಇದ್ರ ನಾಕರಿಂದ ಆರು ವಾರ ನೋಡ್ತೀನಿ, ಹುಣ್ಣು ಸಣ್ಣ ಆಗಲಿಲ್ಲಂದ್ರ ಕಳಿಸಿದ್ದ. ಸೋಂಕು ಏರಾಕತ್ತಿದ್ರ ವಾರ ಎಣಿಸಿಕೋತ ಕುಂಡ್ರಬಾರದು.

ನಡುವ ಸುಮ್ಮನ ಒಂದು ಹುಚ್ಚು ಮಾಡಿದ್ದೆ, ಡಾಪ್ಲರಿನ ಸಪ್ಪಳ ಮೊಬೈಲಿನ್ಯಾಗ ರೆಕಾರ್ಡ್ ಮಾಡೂದು. ಚಲೋ ನಾಳದಾಗ ಒಂದು ಬಡಿತಕ್ಕ ಎರಡು ಮೂರು ತುಂಡು ಸಪ್ಪಳ, ಕೆಟ್ಟದ್ದರಾಗ ಉಸ್ಸ್ ಅಂತ ಉದ್ದಕ ಒಂದ. ನಮ್ಮ ಸಿಸ್ಟರ್ ಅಕ್ಕಾರು ಈಗ ಕೇಳೇ ಹೇಳ್ತಾರ, ನನಗಿಂತ ಅವರ ಕಿವಿ ಚುರುಕ.

ಹೆಬ್ಬಟ್ಟ ಮೊದಲ ಹೋದವರಿಗೆ, ಇಲ್ಲಾ ಅದರ ಮ್ಯಾಲೇ ಹುಣ್ಣು ಇದ್ದವರಿಗೆ ಪಟ್ಟಿ ನಡಿಯಂಗಿಲ್ಲ. ಅವರಿಗೆ ಗೋಡಿಗೆ ಸೆಂಟಿಮೀಟರ್ ಗುರುತು ಹಾಕಿದ ಬಿದಿರು ಕೋಲು ನಿಲ್ಲಿಸೇನಿ. ಅಂಗಾತ ಮಲಗಿಸಿ ಪಾದದ ಮ್ಯಾಲೆ ಡಾಪ್ಲರ್ ಹಿಡಕೊಂಡು ಕಾಲು ಸಾವಕಾಶ ಎತ್ತಬೇಕು, ಸಪ್ಪಳ ಎಲ್ಲಿ ನಿಂತೀತೋ ಆ ಎತ್ತರ ನೋಡಬೇಕು, ಎದಿ ಮಟ್ಟದಿಂದ 13 ಸೆಂಟಿಮೀಟರಿಗೆ 10 ಮಿಲಿಮೀಟರ್ ಪ್ರೆಶರ್, ಅಂದ್ರ 40 ಕ್ಕ ನಿಂತ್ರ 30 ಬಂದಂಗ. ಪಟ್ಟಿನ ಇಲ್ಲ, ಹಂಗಾಗಿ ಗಟ್ಟಿ ನಾಳದ ಮೋಸ ಇಲ್ಲಿಲ್ಲ. ಅರವತ್ತರ ಮ್ಯಾಲಿನ ಪ್ರೆಶರ್ ಇದರಾಗ ಸಿಗಂಗಿಲ್ಲ, ಕಾಲ ಅಷ್ಟ ಮ್ಯಾಲೆ ಏಳಂಗಿಲ್ಲ, ನಮಗ ಬೇಕಾದದ್ದೂ ಕೆಳಗಿಂದ. ಸೊಂಟ ಹಿಡದವರಿಗೆ ಕಾಲು ಎತ್ತಾಕ ಆಗೂದಿಲ್ಲ, ಅವರನ್ನ ಸದ್ಯ ಸೀದಾ ಡ್ಯುಪ್ಲೆಕ್ಸಿಗೇ ಕಳಸ್ತೀನಿ.